ನಿಲ್ಲಬಾರದ ವಾಚು

ಬಾಗಿಲ ಚೌಕಟ್ಟಿನಲ್ಲಿ ಹರಿದು ಜೋತಾಡುತ್ತಿದ್ದ ಕಂದು ಟೇಪಿನ ತುದಿ ಹಿಡಿದು ಇನ್‌ಸ್ಪೆಕ್ಟರ್ ಪರ್ರನೆ ಎಳೆದಳು. ಟೇಪಿನ ಜೊತೆ ಬಣ್ಣದ ಹಕ್ಕಳೆಯೂ ಎದ್ದು ಬಂತು. ಅಡಿಯಲ್ಲಿ ಇನ್ನೊಂದು ಪದರ, ಅದರ ಅಡಿಯಲ್ಲಿ ಮತ್ತೊಂದು. ಹಳತರ ಅಂಟು ಸತ್ತಾಗಲೆಲ್ಲ ಯಾರೋ ತಾಳ್ಮೆಯಿಂದ ಹೊಸತು ಅಂಟಿಸಿದ್ದರು. ಎಲ್ಲವೂ ಹೊರಗಡೆಯಿಂದ.

"ಪಾರ್ಸೆಲ್ ಕಟ್ಟಿದ ಹಾಗೆ ಕಟ್ಟಿದಾರಲ್ಲ ಮೇಡಂ," ಎಂದ ಹೆಡ್ಡಣ್ಣ, ಕರವಸ್ತ್ರದ ಒಳಗಿನಿಂದ.

ಹೆಡ್ ಕಾನ್‌ಸ್ಟೇಬಲ್ ಆಗಿದ್ದರಿಂದ ಆತ ಇಡೀ ಠಾಣೆಗೆ ಹೆಡ್ಡಣ್ಣ, ಹೆಡ್ಡನಂತೂ ಅಲ್ಲ. ಇನ್‌ಸ್ಪೆಕ್ಟರಿಗೂ ಬೆನ್ನ ಹಿಂದೆ ಒಂದು ಹೆಸರಿತ್ತು: ಮೂಗಮ್ಮ. ವಾಸನೆ ಹಿಡಿಯುವುದರಲ್ಲಿ ಅವಳ ಮೂಗಿಗೆ ಸಮನಾದದ್ದು ಇಲಾಖೆಯ ನಾಯಿಗಳಿಗೂ ಇರಲಿಲ್ಲ. ಮಾತಿನಲ್ಲಿ ಯಾರಿಗೂ ಬಿಟ್ಟುಕೊಡದ ಹೆಂಗಸಿಗೆ ಮೂಗಮ್ಮ ಅಂತ ಹೆಸರಿಟ್ಟವನ ಧೈರ್ಯಕ್ಕೆ ಅವಳೇ ಒಮ್ಮೆ ಮೆಚ್ಚಿ ನಕ್ಕಿದ್ದಳು.

ಇವತ್ತು ಆ ಮೂಗು ಅವಳಿಗೆ ಬೇಡವಾಗಿತ್ತು.

"ಪಾರ್ಸೆಲ್ ಆದ್ರೆ ಮೇಲೆ ವಿಳಾಸ ಬರೀತಾರೆ," ಎಂದು ಬಾಗಿಲು ತಳ್ಳಿದಳು.

ನಿನ್ನೆ ಬೆಳಿಗ್ಗೆ ಗಾಜಿನ ಕಾರ್ಖಾನೆಯ ಯಜಮಾನನ ಹೆಣವನ್ನು ಇಳಿಸಲು ಬಂದ ಆಂಬುಲೆನ್ಸಿನವರು, ಹೊರಳಿಸಿದಾಗ ಕೊಳೆತ ಬೆನ್ನು ನೋಡಿ, ಹಿಡಿದಿದ್ದನ್ನು ಹಾಗೇ ಬಿಟ್ಟು ಠಾಣೆಗೆ ಫೋನ್ ಮಾಡಿದ್ದರು. ಆಗಿನಿಂದ ಕಿಟಕಿಗಳೆಲ್ಲ ತೆರೆದೇ ಇದ್ದವು. ಆದರೂ ವಾಸನೆ ಮುಖಕ್ಕೆ ಒದ್ದೆ ಬಟ್ಟೆಯಂತೆ ಬಡಿಯಿತು. ಕೀವು, ಮೂತ್ರ, ಹುಳಿತ ಹಾಲು. ಅದರ ಮೇಲೆ, ಎಲ್ಲಕ್ಕಿಂತ ಹೇಸಿಗೆಯಾಗಿ, ಬಾಗಿಲ ಹೊರಗೆ ಮೊಳೆಗೆ ನೇತುಹಾಕಿದ್ದ ಮಲ್ಲಿಗೆ ಪರಿಮಳದ ಬಿಲ್ಲೆ.

ಮಂಚ ಗೋಡೆಗೆ ಒತ್ತಿಕೊಂಡಿತ್ತು. ರಬ್ಬರ್ ಹಾಳೆಯನ್ನು ಯಾರೋ ಸುತ್ತಿ ಮೂಲೆಗೆ ಎಸೆದಿದ್ದರು. ಹಾಸಿಗೆಯಲ್ಲಿ ಒಂದು ತಗ್ಗು, ತಗ್ಗಿನ ತುಂಬ ಕಪ್ಪಗೆ ಹೆಪ್ಪುಗಟ್ಟಿದ ಕಲೆ. ಮನುಷ್ಯ ಒಂದೇ ಭಂಗಿಯಲ್ಲಿ, ಒಂದೇ ಜಾಗದಲ್ಲಿ ಕರಗಿದ ಗುರುತು. ಮಂಚದ ಉದ್ದಕ್ಕೆ ಕಲೆ ಗಿಡ್ಡವಾಗಿತ್ತು. ಕಾಯಿಲೆ ಎಂಥ ಆಳನ್ನೂ ಮುದುಡಿಸಿಬಿಡುತ್ತದೆ ಎಂದುಕೊಂಡಳು.

ರೋಗಿಗೆ ಕುಡಿಸುವ ಕೊಕ್ಕಿನ ಲೋಟದಲ್ಲಿ ಹಾಲಿನ ಕೆನೆ ಚರ್ಮದಂತೆ ಒಣಗಿತ್ತು. ಇರುವೆಗಳು ಸಾಲಾಗಿ ಒಳಗಿಳಿದು ಅಲ್ಲೇ ಸತ್ತಿದ್ದವು. ಕರೆಯುವ ಗಂಟೆಯೊಂದಿತ್ತು, ಎದುರು ಗೋಡೆಯ ಕಪಾಟಿನ ಮೇಲೆ. ಎರಡು ಕಾಲು ಗಟ್ಟಿ ಇದ್ದವನಿಗೆ ಮಾತ್ರ ಎಟುಕುವ ಜಾಗ.

"ಮೇಡಂ, ಇಲ್ಲಿ ನೋಡಿ."

ಹೆಡ್ಡಣ್ಣ ಗೋಡೆ ತೋರಿಸಿದ. ಹಾಸಿಗೆಯ ಮಟ್ಟದಲ್ಲಿ, ಒಂದು ಕೈ ಆಡುವಷ್ಟು ಅಗಲಕ್ಕೆ ಸುಣ್ಣ ಕಿತ್ತುಬಂದಿತ್ತು. ಉಗುರಿನ ಗೀರುಗಳು. ಒಂದರ ಮೇಲೊಂದು, ಒಂದರ ಮೇಲೊಂದು.

"ಒಂದು ಕೈಯಲ್ಲಿ ಇನ್ನೂ ಜೀವ ಇತ್ತು ಅನ್ನಿ," ಎಂದ ಹೆಡ್ಡಣ್ಣ. ಅವನ ದನಿಯಲ್ಲಿ ಯಾವ ತಮಾಷೆಯೂ ಉಳಿದಿರಲಿಲ್ಲ.

ಇನ್‌ಸ್ಪೆಕ್ಟರ್ ಆ ಗೀರುಗಳ ಫೋಟೋ ತೆಗೆದುಕೊಂಡು ಬಾಗಿಲ ಕಡೆ ನಡೆದಳು.

ಕೆಳಗೆ ಅಳಿಯ ಕಾಯುತ್ತಿದ್ದ.

ಯಜಮಾನನ ಆಫೀಸು ಕೋಣೆಯಲ್ಲಿ, ಯಜಮಾನನ ಕುರ್ಚಿಯಲ್ಲೇ ಕೂತಿದ್ದ. ನುಣ್ಣಗೆ ಬೋಳಿಸಿದ ಗಲ್ಲ, ಇಸ್ತ್ರಿ ಮುರಿಯದ ಅಂಗಿ, ಕೋಣೆ ತುಂಬುವಷ್ಟು ಸೆಂಟು. ಅವನ ಹಿಂದಿನ ಗೋಡೆಯಲ್ಲಿ ಮಾವನ ಆಳೆತ್ತರದ ಫೋಟೋ: ದಪ್ಪ ಕತ್ತು, ಎತ್ತಿದ ಗದ್ದ, ಎದೆಯ ಮೇಲೆ ಕಟ್ಟಿದ ಕೈ. ಆ ಕೈಯಲ್ಲಿ ನೀಲಿ ಮುಖದ, ಚಿನ್ನದ ಅಂಚಿನ ವಾಚು.

"ಕಾಫಿ ತರ್ಸಲಾ ಮೇಡಂ?"

"ಬೇಡ." ಈ ಮನೆಯಲ್ಲಿ ನೀರು ಕುಡಿಯುವುದೂ ಅವಳಿಂದ ಆಗುತ್ತಿರಲಿಲ್ಲ. "ಹಾಸಿಗೆ ಹಿಡಿದವರ ಮಗ್ಗುಲು ಬದಲಿಸ್ತಾ ಇರ್ಬೇಕು ಅಂತ ಡಾಕ್ಟರ್ ಹೇಳಿರ್ಲಿಲ್ವಾ?"

"ಹೇಳಿದ್ರು, ಹೇಳಿದ್ರು. ನರ್ಸ್ ಇದ್ಲಲ್ಲ."

"ನರ್ಸನ್ನ ನೀವು ಮೊದಲ ತಿಂಗಳಲ್ಲೇ ಬಿಡಿಸಿದ್ರಿ."

"ಅವಳ ಕೈ ಸರಿ ಇರ್ಲಿಲ್ಲ. ಸಾಮಾನು ಕದೀತಿದ್ಲು."

"ಆಮೇಲೆ ಯಾರು ಹೊರಳಿಸ್ತಿದ್ರು?"

ಅಳಿಯ ಮೇಜಿನ ಮೇಲಿದ್ದ ಪೆನ್ನನ್ನು ನೇರ ಮಾಡಿದ. "ಮಾವನೇ ಮುಟ್ಟಿಸ್ಕೊಳ್ತಿರ್ಲಿಲ್ಲ. ಭಾರೀ ಸ್ವಾಭಿಮಾನಿ. ಹತ್ರ ಹೋದ್ರೆ ಕಿರುಚೋರು. ನಾವಾದ್ರೂ ಏನು ಮಾಡೋಕಾಗುತ್ತೆ ಹೇಳಿ."

"ನೋವಾದ್ರೆ ಕಿರುಚ್ತಾರೆ."

ಅವನು ಪೆನ್ನನ್ನು ಮತ್ತೆ ನೇರ ಮಾಡಿದ. ಆ ನಿಶ್ಶಬ್ದದಲ್ಲೇ ಅವಳಿಗೆ ಕೇಳಿಸಿದ್ದು ಅದು: ಬೆಕ್ಕು ನಿದ್ದೆಯಲ್ಲಿ ಉಸಿರಾಡುವಂಥ ಸಣ್ಣ ಸದ್ದು. ಗೋಡೆ ಪಕ್ಕದ ಗಾಜಿನ ಕಪಾಟಿನಿಂದ ಬರುತ್ತಿತ್ತು.

ಕಪಾಟಿನಲ್ಲಿ ಬೇರೆ ಏನೂ ಇರಲಿಲ್ಲ. ಕಪ್ಪು ಮರದ ಒಂದು ಪೆಟ್ಟಿಗೆ, ಅದಕ್ಕೆ ಗಾಜಿನ ಮುಚ್ಚಳ. ಒಳಗೆ ಮಖಮಲ್ಲಿನ ಪುಟ್ಟ ದಿಂಬಿಗೆ ತೊಡಿಸಿದ ಅದೇ ನೀಲಿ ಮುಖದ ವಾಚು. ದಿಂಬು ನಿಧಾನವಾಗಿ ಒಂದು ಸುತ್ತು ತಿರುಗಿತು. ಇನ್ನೊಂದು ಸುತ್ತು. ನಿಂತಿತು. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ತಿರುಗತೊಡಗಿತು.

ಪೆಟ್ಟಿಗೆಯ ಮೇಲೆ ಒಂದು ಕಣ ಧೂಳಿರಲಿಲ್ಲ.

"ಏನಿದು?"

ಅಳಿಯನ ಮುಖ ಅರಳಿತು. ಕೊನೆಗೂ ತನಗೆ ಇಷ್ಟವಾದ ವಿಷಯ ಬಂತು ಎಂಬಂತೆ ಎದ್ದು ಬಂದ. "ವಾಚ್ ವೈಂಡರ್ ಅಂತಾರೆ ಮೇಡಂ. ಮಾವನ ವಾಚಿಗೆ ಕೀ ಕೊಡೋ ಹಾಗಿಲ್ಲ, ಸೆಲ್ಲೂ ಇಲ್ಲ. ಕಟ್ಟಿಕೊಂಡು ಕೈ ಆಡಿಸ್ತಿದ್ರೆ ತಾನೇ ಓಡುತ್ತೆ. ಬಿಚ್ಚಿಟ್ರೆ ಒಂದೆರಡು ದಿನಕ್ಕೆ ನಿಂತುಬಿಡುತ್ತೆ. ಅದಕ್ಕೇ ಈ ಪೆಟ್ಟಿಗೆ. ಕೈ ಬದಲು ಇದು ಆಡಿಸುತ್ತೆ."

"ಯಾರು ತಂದಿದ್ದು?"

"ನಾನೇ. ಮಾವನಿಗೆ ಲಕ್ವ ಹೊಡೆದ ಮೇಲೆ ಕೈ ಬಾತುಕೊಳ್ತು, ವಾಚು ಬಿಚ್ಚಿದ್ವಿ. ಅವರ ಜೀವ ಇದ್ದಿದ್ದೇ ಆ ವಾಚಲ್ಲಿ. ನಿಲ್ಲಬಾರ್ದು ಅಂತ ನಾನೇ ಅಂಗಡಿಗೆ ಹೋಗಿ, ನೋಡಿ ಆರಿಸಿ ತಂದೆ."

"ನಿಂತ್ರೆ ಏನಾಗುತ್ತೆ?"

"ಬಹಳ ದಿನ ನಿಂತೇ ಇದ್ರೆ ಒಳಗಿನ ಎಣ್ಣೆ ಗಟ್ಟಿಯಾಗುತ್ತಂತೆ. ಭಾಗಗಳು ಹಿಡ್ಕೊಳ್ಳುತ್ವೆ. ತಿರುಗಿಸ್ತಾನೇ ಇರ್ಬೇಕು."

ಹೇಳಿ ಮುಗಿಸಿದ ಮೇಲೂ ಅವನಿಗೆ ತಾನೇನು ಹೇಳಿದೆ ಎಂಬುದು ತಿಳಿಯಲಿಲ್ಲ. ಬಾಗಿಲ ಬಳಿ ನಿಂತಿದ್ದ ಹೆಡ್ಡಣ್ಣನಿಗೆ ತಿಳಿಯಿತು. ಅವನು ಮೇಲಿನ ಮಹಡಿಯ ಕಡೆ ಒಮ್ಮೆ ನೋಡಿ, ನೆಲ ನೋಡಿದ.

ಇನ್‌ಸ್ಪೆಕ್ಟರ್ ಕಪಾಟು ತೆರೆದು ಪೆಟ್ಟಿಗೆಯನ್ನು ತಿರುಗಿಸಿದಳು. ಹಿಂಬದಿಯಲ್ಲಿ ಎರಡು ತಿರುಗಣಿ. ಒಂದರ ಸುತ್ತ ಬಾಣಗಳು: ಎಡಕ್ಕೆ, ಬಲಕ್ಕೆ, ಎರಡೂ ಕಡೆಗೆ. ಇನ್ನೊಂದರ ಸುತ್ತ ಅಂಕಿಗಳು. ಅವು ಎಲ್ಲಿದ್ದವೆಂದು ಮನಸ್ಸಿನಲ್ಲಿಟ್ಟುಕೊಂಡು ಎರಡನ್ನೂ ಹೇಗೆ ಬಂತೋ ಹಾಗೆ ತಿರುಗಿಸಿಬಿಟ್ಟಳು.

"ಅಯ್ಯೋ, ಮೇಡಂ!"

"ಮೊದಲಿದ್ದ ಹಾಗೆ ಇಡಿ."

ಅಳಿಯ ಬಗ್ಗಿದ. ಬಾಣದ ತಿರುಗಣಿಯನ್ನು ಬಲಕ್ಕಿಟ್ಟ. ಅವಳ ಮುಖ ನೋಡಿದ. ಎರಡೂ ಕಡೆಗೆ ಇಟ್ಟ. ಮತ್ತೆ ಮುಖ ನೋಡಿದ.

"ನನ್ನ ಮುಖದ ಮೇಲೆ ಬರೆದಿಲ್ಲ. ಈ ವಾಚು ಯಾವ ಕಡೆ ತಿರುಗಬೇಕು?"

"ಯಾವ ಕಡೆ ಆದ್ರೇನು... ತಿರುಗಿದ್ರೆ ಸರಿ ತಾನೆ?"

"ನೋಡಿ ಆರಿಸಿ ತಂದವರು ನೀವೇ."

"ಅಂಗಡಿಯವರು ಇಟ್ಟುಕೊಟ್ಟಿದ್ದು. ನಂಗೆ ಅಷ್ಟೆಲ್ಲ ನೆನಪಿರುತ್ತಾ?" ದನಿ ಏರಿತು. "ಮಾವ ಸತ್ತು ಎರಡು ದಿನ ಆಗಿಲ್ಲ, ಮನೇಲಿ ಹೆಂಡತಿ ಅತ್ತು ಅತ್ತು ಸಾಯ್ತಿದಾಳೆ, ನೀವು ಪೆಟ್ಟಿಗೆಯ ತಿರುಗಣಿ ಕೇಳ್ತಾ ಕೂತಿದೀರಲ್ಲ!"

"ಇದನ್ನ ನೀವು ತಂದಿಲ್ಲ."

ಅವನ ಕುತ್ತಿಗೆಯ ಮೇಲೆ ಸಣ್ಣಗೆ ಬೆವರು ಮೂಡಿತು. ಸೆಂಟಿನ ಅಡಿಯಿಂದ ಬೇರೊಂದು ವಾಸನೆ ಎದ್ದು ಬಂತು. ಅಂಜಿಕೆಯದು. ಅದು ಅವಳ ಮೂಗಿಗೆ ಚೆನ್ನಾಗಿ ಪರಿಚಯ.

"ಮಾವನ್ನ ಮರೆತಿದ್ವಿ, ಕೈಲಾಗಲಿಲ್ಲ, ಬೇಜವಾಬ್ದಾರಿ ಮಾಡಿದ್ವಿ ಅಂತ ನೀವು ನಾಳೆ ಕೋರ್ಟಲ್ಲಿ ಹೇಳ್ತೀರ. ಒಳ್ಳೆ ಲಾಯರ್ ಇದ್ರೆ ಅದು ನಡೆದೂಬಿಡುತ್ತೆ," ಎಂದಳು ನಿಧಾನವಾಗಿ. "ಆದ್ರೆ ಈ ಪೆಟ್ಟಿಗೆ ಆರಿಸಿದವರಿಗೆ ಮರೆವಿಲ್ಲ. ತಿರುಗದೆ ಇದ್ರೆ ಏನಾಗುತ್ತೆ ಅಂತ ಚೆನ್ನಾಗಿ ಗೊತ್ತಿರೋರು. ಎಷ್ಟು ತಿರುಗ್ಬೇಕು, ಎಷ್ಟು ಬಿಡುವು ಬೇಕು, ಎಲ್ಲ ಲೆಕ್ಕ ಹಾಕಿದೋರು. ಮೇಲಿನ ಕೋಣೆಯ ಬಾಗಿಲಿಗೆ ಟೇಪ್ ಹಾಕಿಸಿದ್ದೂ ಅವರೇ ಅಂತ ನನ್ನ ಅನುಮಾನ. ಯಾರು ಅವರು?"

"ಯಾರೂ ಇಲ್ಲ."

"ಸಂಜೆ ಗಂಡ ಹೆಂಡತಿ ಇಬ್ಬರೂ ಠಾಣೆಗೆ ಬನ್ನಿ. ಪೆಟ್ಟಿಗೆ, ವಾಚು ಎರಡೂ ನನ್ನ ಜೊತೆ ಬರ್ತವೆ."

"ಆ ವಾಚು ಮಾತ್ರ ಬೇಡ ಮೇಡಂ!" ಮಾತು ಅವನ ಬಾಯಿಂದ ತಾನಾಗಿ ಜಾರಿತು. ಕೂಡಲೇ ತುಟಿ ಕಚ್ಚಿಕೊಂಡ. ಅವನ ಕಣ್ಣಲ್ಲಿ ಇದ್ದದ್ದು ದುಃಖವಲ್ಲ, ಆಸೆಯೂ ಅಲ್ಲ. ಯಾರಿಗೋ ಉತ್ತರ ಕೊಡಬೇಕಾದವನ ದಿಗಿಲು.

ಮೊಗಸಾಲೆಯಲ್ಲಿ ಯಜಮಾನನ ಮಗಳು ಗೋಡೆಗೊರಗಿ ನಿಂತಿದ್ದಳು. ಮೂವತ್ತೈದರ ಆಸುಪಾಸು, ಊದಿಕೊಂಡ ರೆಪ್ಪೆ, ನಿನ್ನೆಯದೇ ಸೀರೆ. ಇನ್‌ಸ್ಪೆಕ್ಟರ್ ದಾಟಿ ಹೋಗುವಾಗ ಸಟ್ಟನೆ ಅವಳ ಮೊಣಕೈ ಹಿಡಿದಳು.

"ಮೇಡಂ, ಒಂದು ನಿಮಿಷ. ಅಪ್ಪ..."

ಆ ಬೆರಳುಗಳಿಂದ ಮಲ್ಲಿಗೆ ಬಿಲ್ಲೆಯ ವಾಸನೆ ಹೊಡೆಯಿತು. ಅದನ್ನು ಮೊಳೆಗೆ ನೇತುಹಾಕಿದ ಕೈ ಇದು. ಆ ಕೋಣೆಯ ಮುಂದೆ ದಿನವೂ ಓಡಾಡಿದ ಕಾಲು ಇವು. ಇನ್‌ಸ್ಪೆಕ್ಟರ್ ಹುಳು ಕೊಡವುವಂತೆ ತೋಳು ಕೊಡವಿಕೊಂಡಳು.

"ಮುಟ್ಟಬೇಡಿ ನನ್ನ. ಅಪ್ಪ ಅನ್ನೋ ಮಾತು ಬಾಯಲ್ಲಿ ಹೇಗೆ ಬರುತ್ತೆ ನಿಮಗೆ?"

ಮಗಳ ತುಟಿ ಅಲುಗಿತು. ಅಷ್ಟರಲ್ಲಿ ಆಫೀಸು ಕೋಣೆಯ ಬಾಗಿಲಲ್ಲಿ ಅಳಿಯ ಕಾಣಿಸಿಕೊಂಡ. "ಒಳಗೆ ಬಾ," ಎಂದ ಹೆಂಡತಿಗೆ, ಮೆತ್ತಗೆ. ಅವಳು ಹೋದಳು.

ಜೀಪು ಗೇಟು ದಾಟಿದ ಮೇಲೆ ಹೆಡ್ಡಣ್ಣ ಗಂಟಲು ಸರಿಮಾಡಿಕೊಂಡ. "ಆ ಹೆಣ್ಣುಮಗಳು ಏನೋ ಹೇಳೋಕೆ ಬಂದ್ಲು ಮೇಡಂ."

"ಸಂಜೆ ಬರ್ತಾಳಲ್ಲ, ಹೇಳ್ಲಿ."

"ಹೇಳೋ ಹೊತ್ತಲ್ಲಿ ಕೇಳದೆ ಇದ್ರೆ ಕೆಲವರು ಆಮೇಲೆ ಹೇಳಲ್ಲ."

"ಹೆಡ್ಡಣ್ಣಾ, ಗಾಡಿ ಓಡಿಸಿ."

ಅವನು ಓಡಿಸಿದ. ಆದರೆ ಬಾಯಿಗೆ ಬ್ರೇಕು ಹಾಕುವ ಅಭ್ಯಾಸ ಅವನಿಗಿರಲಿಲ್ಲ. "ಒಂದು ಲೆಕ್ಕಕ್ಕೆ ಯಜಮಾನ ಪುಣ್ಯವಂತ ಅನ್ನಿ. ಕುಲುಮೆ ಸಿಡಿದು ಕಾರ್ಖಾನೆಯಲ್ಲಿ ಅಷ್ಟು ಜನ ಸುಟ್ಟು ಸತ್ರು. ಗೋಡೆ ಬಿರುಕು ಬಿಟ್ಟಿದೆ ಅಂತ ಕೆಲಸಗಾರರು ಕೈಮುಗಿದು ಹೇಳಿದ್ರೂ ಉರಿ ಆರಿಸೋಕೆ ಬಿಡ್ಲಿಲ್ಲ ಪುಣ್ಯಾತ್ಮ. ಕೇಸು ಕೋರ್ಟಿಗೆ ಬರೋ ಹೊತ್ತಿಗೆ ಲಕ್ವ. ತಾರೀಕು ಮುಂದಕ್ಕೆ, ಮತ್ತೆ ಮುಂದಕ್ಕೆ. ಈಗ ಪೂರ್ತಿ ಮುಗೀತು. ಸತ್ತವನ ಮೇಲೆ ಯಾವ ಕೇಸು ನಡೆಯುತ್ತೆ?"

"ಸತ್ತಿದ್ದು ಪುಣ್ಯ ಅನ್ಬೇಡಿ. ಆ ಬೆನ್ನು ನೀವೂ ನೋಡಿದೀರ."

"ನೋಡಿದೀನಿ," ಎಂದ ಹೆಡ್ಡಣ್ಣ. ಗೇರು ಬದಲಿಸಿದ. "ಶತ್ರುವಿಗೂ ಬೇಡ."

ಪೆಟ್ಟಿಗೆಯ ತಳದಲ್ಲಿ ಅಂಗಡಿಯ ಚೀಟಿ ಅಂಟಿಸಿತ್ತು. ಆ ಅಂಗಡಿ, ಕನ್ನಡಕದ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಸಿಕ್ಕಿಕೊಂಡ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಸಿಗುತ್ತಿತ್ತು. ಒಳಗೆ ಗೋಡೆಯ ತುಂಬ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು.

ಅಂಗಡಿಯಾಕೆ ಐವತ್ತು ದಾಟಿದ ದಪ್ಪ ಹೆಂಗಸು. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯನ್ನು ಹಣೆಗೇರಿಸಿ, ವಾಚಿನ ಉಕ್ಕಿನ ಪಟ್ಟಿಯೊಂದರ ಕೊಂಡಿಗಳ ಸಂದಿಯಿಂದ ಕಡ್ಡಿಯಲ್ಲಿ ಕೊಳೆ ಕೀಳುತ್ತಿದ್ದಳು. ಬೂದು ಬಣ್ಣದ, ಜಿಗುಟಾದ ಕೊಳೆ. ಕಿತ್ತದ್ದನ್ನು ಕಾಗದದ ಮೇಲೆ ಒರೆಸುತ್ತಿದ್ದಳು.

"ಬನ್ನಿ ಮೇಡಂ, ಕೂತ್ಕೊಳ್ಳಿ. ಹೇಸಿಗೆ ಪಡ್ಬೇಡಿ, ಇದೇ ನಮ್ಮ ಅನ್ನ. ಜನ ದಿನಾ ಸ್ನಾನ ಮಾಡ್ತಾರೆ, ವಾಚಿಗೆ ಮಾತ್ರ ಮಾಡ್ಸಲ್ಲ. ಇದು ಯಾರದ್ದು ಗೊತ್ತಾ? ಹಲ್ಲಿನ ಡಾಕ್ಟರದ್ದು!"

ಇನ್‌ಸ್ಪೆಕ್ಟರ್ ಕಾಗದದ ಕಡೆ ನೋಡದಂತೆ ಕೂತು, ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು.

"ಅರೆ, ನಮ್ಮದೇ! ಏನು, ಕೆಟ್ಟುಹೋಯ್ತಾ?"

"ಕೆಟ್ಟಿಲ್ಲ. ಇದನ್ನ ಆರಿಸಿದವರು ನೆನಪಿದಾರಾ?"

"ನೆನಪಾ?" ಅಂಗಡಿಯಾಕೆ ಕಡ್ಡಿ ಕೆಳಗಿಟ್ಟಳು. "ಮರೀಬೇಕು ಅಂದ್ರೂ ಆಗಲ್ಲ. ನನ್ನ ಇಡೀ ಮಧ್ಯಾಹ್ನ ತಿಂದುಹಾಕಿದ ಗಿರಾಕಿ. ಮಗಳಿಗೆ ಗಂಡು ನೋಡುವಾಗ್ಲೂ ನಾನು ಅಷ್ಟು ಯೋಚನೆ ಮಾಡ್ಲಿಲ್ಲ."

"ಏನೇನು ಕೇಳಿದ್ರು?"

"ಮೊದ್ಲು ಒಂದು ಅಗ್ಗದ್ದು ತೋರಿಸ್ದೆ. ಕಿವಿ ಹತ್ರ ಹಿಡಿದು, ಗೊರಕೆ ಹೊಡೆಯುತ್ತೆ ಬೇಡ ಅಂದ್ರು. ಇನ್ನೊಂದಕ್ಕೆ ಬಣ್ಣದ ದೀಪ ಇತ್ತು, ನಾಟಕದ ಕಂಪನಿ ಇಟ್ಕೊಂಡಿಲ್ಲ ನಾನು ಅಂದ್ರು. ಮತ್ತೊಂದು ಬಲಗಡೆ ಮಾತ್ರ ತಿರುಗೋದು. ಅವರ ವಾಚಿಗೆ ಎಡಗಡೆ ತಿರುಗಿದ್ರೇನೇ ಶಕ್ತಿ ಏರೋದು, ಬಲಗಡೆ ಎಷ್ಟು ತಿರುಗಿಸಿದ್ರೂ ದಂಡ. ಅದು ಅವರಿಗೆ ನಾನು ಹೇಳೋ ಮೊದ್ಲೇ ಗೊತ್ತಿತ್ತು."

"ಆಮೇಲೆ?"

"ಒಂದೇ ಸಮ ತಿರುಗಿಸಬಾರ್ದು, ಮಧ್ಯ ಮಧ್ಯ ಬಿಡುವು ಕೊಡ್ಬೇಕು ಅಂದ್ರು. ಸೆಲ್ಲಿಂದು ಬೇಡ, ಮನೇಲಿ ಬದಲಾಯಿಸೋಕೆ ಮರೀತಾರೆ, ಕರೆಂಟಿಂದೇ ಕೊಡಿ ಅಂದ್ರು. ದಿಂಬು ಚಿಕ್ಕದಾಯ್ತು, ಪಟ್ಟಿ ಸಡಿಲ ಬಿದ್ರೆ ವಾಚು ಕುಲುಕುತ್ತೆ, ಅದಕ್ಕೆ ಪೆಟ್ಟಾಗುತ್ತೆ ಅಂತ ಬೇರೆ ದಿಂಬು ಹೊಲಿಸಿದ್ರು ಮೇಡಂ! ಮೆತ್ತಗಿರ್ಬೇಕು, ಒತ್ತಬಾರ್ದು, ಗೀರು ಬೀಳಬಾರ್ದು."

ಮೆತ್ತಗಿರಬೇಕು, ಒತ್ತಬಾರದು. ಇನ್‌ಸ್ಪೆಕ್ಟರಿನ ಕಣ್ಣಮುಂದೆ ಆ ಹಾಸಿಗೆಯ ತಗ್ಗು ಬಂತು. ಒಂದು ವಾಚಿನ ಬೆನ್ನಿಗೆ ಇಷ್ಟು ಕಾಳಜಿ ತೋರಿದ ಮನುಷ್ಯನ ಮುಖ ಅವಳಿಗೆ ಈಗಲೇ ನೋಡಬೇಕಿತ್ತು. ಫೋನು ತೆಗೆದು ಅಳಿಯನ ಚಿತ್ರ ತೋರಿಸಿದಳು.

"ಊಹೂಂ. ಇಂಥ ಹೇರ್ ಎಣ್ಣೆ ಜಾಹೀರಾತಿನ ಮುಖ ಅಲ್ಲ."

ಮಗಳ ಚಿತ್ರ.

"ಹೆಂಗಸಲ್ಲ."

ಇನ್‌ಸ್ಪೆಕ್ಟರಿಗೆ ನಿರಾಸೆಯಾಯಿತು. ಹಾಗಾದರೆ ಮನೆಯ ಹೊರಗಿನವರು ಯಾರೋ. ಲಾಯರ್ ಇರಬಹುದು, ಕಾರ್ಖಾನೆಯ ಮ್ಯಾನೇಜರ್ ಇರಬಹುದು. ಮೊದಲು ವಾಚನ್ನಾದರೂ ಖಚಿತ ಮಾಡಿಕೊಳ್ಳೋಣ ಎಂದು, ಆಫೀಸು ಕೋಣೆಯ ಗೋಡೆಯ ಫೋಟೋವನ್ನು ತಾನು ಮೊಬೈಲಿನಲ್ಲಿ ತೆಗೆದಿದ್ದನ್ನು ಮುಂದೆ ಹಿಡಿದಳು.

"ಆಗ ತಂದಿದ್ದ ವಾಚು ಇದೇನಾ, ಸರಿಯಾಗಿ ನೋಡಿ. ಈ ಕೈಯಲ್ಲಿರೋದು."

ಅಂಗಡಿಯಾಕೆ ಕೈ ನೋಡಲಿಲ್ಲ. ಮುಖ ನೋಡಿ ನಕ್ಕುಬಿಟ್ಟಳು.

"ವಾಚು ಯಾಕೆ ನೋಡ್ಲಿ ಮೇಡಂ? ಮನುಷ್ಯರೇ ಇವರಲ್ವಾ!"

ಗೋಡೆಯ ಗಡಿಯಾರಗಳೆಲ್ಲ ಒಟ್ಟಿಗೆ ಜೋರಾಗಿ ಕೇಳಿಸತೊಡಗಿದವು.

"ಯಾರು?"

"ಇವರೇ. ಇದೇ ಗದ್ದ, ಇದೇ ದರ್ಪ. ಆ ಮೆಟ್ಟಿಲು ದಡದಡ ಹತ್ತಿ ಬಂದು, ಲಿಫ್ಟ್ ಹಾಕ್ಸೋ ಯೋಗ್ಯತೆ ಇಲ್ದೋರು ಮಹಡಿ ಮೇಲೆ ಯಾಕೆ ಅಂಗಡಿ ಇಡ್ತೀರಿ ಅಂತ ನನ್ನೇ ಗದರಿಸಿದ್ರು."

ಹೆಡ್ಡಣ್ಣ ಬಾಗಿಲಿಂದ ಒಂದು ಹೆಜ್ಜೆ ಒಳಗೆ ಬಂದ. "ಯಾವಾಗ ಬಂದಿದ್ರು? ಲಕ್ವ ಹೊಡೆಯೋ ಮೊದಲಾ?"

"ಲಕ್ವಾನಾ? ಈ ಮನುಷ್ಯರಿಗಾ?" ಅಂಗಡಿಯಾಕೆ ಪೆಟ್ಟಿಗೆ ಮಗುಚಿ ತಳದ ಚೀಟಿಯ ಮೇಲಿದ್ದ ತಾರೀಕು ತೋರಿಸಿದಳು. "ಇಗೋ, ನಾನೇ ಬರೆದು ಅಂಟಿಸಿದ್ದು. ಅವತ್ತೇ."

ಇನ್‌ಸ್ಪೆಕ್ಟರ್ ನೋಡಿದಳು. ಯಜಮಾನನಿಗೆ ಮಾತು ಬಿದ್ದುಹೋಗಿದೆ, ಮೈ ಅಲುಗದು ಎಂದು ಲಾಯರ್ ಕೋರ್ಟಿಗೆ ತಿಳಿಸಿ ಆಗಲೇ ಎರಡು ವಾರ ಕಳೆದಿದ್ದ ದಿನ ಅದು.

"ವೈಂಡರ್ ಯಾಕೆ ಬೇಕು ಅಂದ್ರು ಅವರು?" ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು. "ದಿನಾ ಕಟ್ಟಿಕೊಳ್ಳೋರಿಗೆ ಇದು ಬೇಕಾಗಲ್ಲ."

"ನಾನೂ ಅದೇ ಕೇಳ್ದೆ. ಕೆಲವು ತಿಂಗಳು ಇದನ್ನ ಕೈಗೆ ಕಟ್ಟೋ ಹಾಗಿಲ್ಲ, ನೋಡಿದೋರು ಗುರುತು ಹಿಡೀತಾರೆ ಅಂತ ನಕ್ಕರು. ನಾನು ತಮಾಷೆ ಅಂದ್ಕೊಂಡೆ. ನಾನು ವಾಪಸ್ ಬರೋ ತನಕ ಇದು ನಿಲ್ಲಬಾರ್ದು ನೋಡಿ ಅಂದ್ರು."

ಇನ್‌ಸ್ಪೆಕ್ಟರ್ ಹೇಗೆ ಎದ್ದಳೋ, ಹೇಗೆ ಮೆಟ್ಟಿಲು ಇಳಿದಳೋ. ಬೀಗದವನ ಗೂಡಿನ ಪಕ್ಕದ ಚರಂಡಿಗೆ ಬಗ್ಗಿ, ಬೆಳಗಿನಿಂದ ತಡೆದಿದ್ದನ್ನೆಲ್ಲ ಕಾರಿಕೊಂಡಳು. ಹೆಡ್ಡಣ್ಣ ನೀರಿನ ಬಾಟಲಿ ಹಿಡಿದು ನಿಂತಿದ್ದ.

"ಮೇಡಂ, ಹಾಗಾದ್ರೆ ಆ ಹಾಸಿಗೆ ಮೇಲೆ..."

"ಹೇಳ್ಬೇಡಿ." ಬಾಯಿ ಒರೆಸಿಕೊಂಡು ಶವಾಗಾರದ ಡಾಕ್ಟರಿಗೆ ಫೋನ್ ಮಾಡಿದಳು. "ಡಾಕ್ಟ್ರೇ, ಗಾಜಿನ ಕಾರ್ಖಾನೆ ಯಜಮಾನನ ಹೆಣ ಯಾರಿಗೂ ಕೊಡ್ಬೇಡಿ. ಮನೆಯವರು ಬಂದ್ರೂ ಕೊಡ್ಬೇಡಿ."

"ಕೊಟ್ಟಿಲ್ಲ. ಒಳ್ಳೇ ಹೊತ್ತಿಗೆ ಫೋನ್ ಮಾಡಿದ್ರಿ," ಎಂದರು ಡಾಕ್ಟರ್. "ಇಲ್ಲೊಂದು ತಲೆನೋವು. ಹೊರಗೆ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದಾಳೆ, ಏಳ್ತಾ ಇಲ್ಲ. ಆ ಯಜಮಾನರ ಹೆಸರಲ್ಲಿ ಒಳಗಿರೋದು ನಮ್ಮಪ್ಪ ಅಂತಾಳೆ. ಒಂದ್ಸಲ ಮುಖ ತೋರ್ಸಿ ಸಾಕು ಅಂತಾಳೆ. ತಲೆ ಕೆಟ್ಟಿದೆ ಅಂತ ನಮ್ಮೋರು ಹೊರಗೆ ಹಾಕೋದ್ರಲ್ಲಿದ್ರು."

ಇನ್‌ಸ್ಪೆಕ್ಟರ್ ಜೀಪಿನ ಬಾಗಿಲು ಹಿಡಿದುಕೊಂಡಳು. "ಅವಳಪ್ಪ ಯಾರು?"

"ಕುಲುಮೆ ಹತ್ರ ಕೆಲಸಕ್ಕಿದ್ದನಂತೆ. ಆ ಅಪಘಾತದಲ್ಲಿ ಬೆನ್ನುಮೂಳೆ ಮುರಿದು, ಒಂದು ಕೈ ಬಿಟ್ರೆ ಮೈಯೆಲ್ಲ ಸ್ವಾಧೀನ ತಪ್ಪಿತ್ತಂತೆ. ದೊಡ್ಡ ಆಸ್ಪತ್ರೆಗೆ ಸೇರಿಸ್ತೀವಿ, ಖರ್ಚೆಲ್ಲ ನಮ್ಮದು ಅಂತ ಕಾರ್ಖಾನೆ ಕಡೆಯವರು ಕಾರಲ್ಲಿ ಕರ್ಕೊಂಡು ಹೋದ್ರಂತೆ. ಆಮೇಲೆ ನೋಡೋಕೆ ಬಿಟ್ಟಿಲ್ಲ. ಸೋಂಕು ತಗಲುತ್ತೆ ಅಂದ್ರಂತೆ."

ಕೆಲಸಗಾರರನ್ನು ಸುಟ್ಟದ್ದು ಸಾಲದೆ, ಉಳಿದವನನ್ನು ಹಾಸಿಗೆಯಲ್ಲಿ ಕೊಳೆಯಿಸಿ ಅವನ ಸಾವನ್ನೂ ತನ್ನ ಹೆಸರಿಗೆ ಬರೆಸಿಕೊಂಡಿದ್ದ ಯಜಮಾನ. ಕುಲುಮೆಯ ಕೇಸಿನಿಂದ ಪಾರಾಗಲು ಆ ಮನುಷ್ಯನಿಗೆ ಬೇಕಿದ್ದದ್ದು ಒಂದು ಹೆಣ. ಅದು ಬೇಗ ಸಿಗಲಿ ಎಂದು ಮಗ್ಗುಲು ಬದಲಿಸದೆ ಕಾದಿದ್ದರು. ಇನ್‌ಸ್ಪೆಕ್ಟರಿಗೆ ತಾನು ಮುಟ್ಟಿದ ಪೆಟ್ಟಿಗೆಯನ್ನು ನೆನೆದು ಕೈ ತೊಳೆಯಬೇಕೆನಿಸಿತು.

"ಡಾಕ್ಟ್ರೇ, ಅವಳಿಗೆ ಮುಖ ತೋರ್ಸಿ. ನನ್ನ ಹೆಸರಲ್ಲಿ ತೋರ್ಸಿ. ಆದ್ರೆ ಅವಳಿಗೆ ಇದೆಲ್ಲ ಹೇಳಿದ್ದು ಯಾರು?"

"ಅದೇ ನಂಗೂ ಅರ್ಥ ಆಗಿಲ್ಲ. ಯಜಮಾನರ ಮಗಳೇ ಬೆಳಿಗ್ಗೆ ಫೋನ್ ಮಾಡಿ ಅತ್ತುಬಿಟ್ಲಂತೆ. ನಿಮ್ಮಪ್ಪ ಶವಾಗಾರದಲ್ಲಿದಾರೆ, ಹೋಗಿ ಕರ್ಕೊಂಡು ಬನ್ನಿ, ಪೊಲೀಸ್ ಮೇಡಂ ಬಂದಾಗ ನಾನೂ ಎಲ್ಲ ಹೇಳ್ಬಿಡ್ತೀನಿ ಅಂದ್ಲಂತೆ."

ಮೊಣಕೈ ಮೇಲೆ ಆ ಐದು ಬೆರಳುಗಳ ಹಿಡಿತ ಇನ್ನೂ ಇದ್ದಂತೆ ಅನಿಸಿತು. ಅಪ್ಪ, ಎಂದಿದ್ದಳು ಅವಳು. ಸತ್ತ ಅಪ್ಪನ ಮಾತಲ್ಲ ಅದು, ಬದುಕಿದ್ದ ಅಪ್ಪನದು. ತಾನು ಅಸಹ್ಯದಿಂದ ಕೊಡವಿ, ಅಳಿಯನ ಕಣ್ಣೆದುರೇ ಅವಳನ್ನು ಅಲ್ಲೇ ಬಿಟ್ಟು ಬಂದಿದ್ದಳು.

"ಹೆಡ್ಡಣ್ಣಾ, ಆ ಮನೆಗೆ! ಬೇಗ!"

ಜೀಪು ಸೈರನ್ ಕೂಗುತ್ತಾ ತಿರುಗಿತು. ಇನ್‌ಸ್ಪೆಕ್ಟರ್ ಮಗಳ ನಂಬರ್ ಒತ್ತಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ರಿಂಗಾಗುತ್ತಾ ಹೋಯಿತು. ಇನ್ನೇನು ಕಡಿದುಹೋಗುತ್ತದೆ ಎನ್ನುವಾಗ ಯಾರೋ ಎತ್ತಿದರು.

"ಹಲೋ? ನಾನು ಇನ್‌ಸ್ಪೆಕ್ಟರ್. ನೀವು ಎಲ್ಲಿದೀರ? ಕೋಣೆ ಬಾಗಿಲು ಹಾಕ್ಕೊಂಡು ಒಳಗೇ ಇರಿ, ನಾನು ಬರ್ತಿದೀನಿ."

ಆ ಕಡೆ ಉಸಿರು. ಆಮೇಲೆ ಒಂದು ಗಂಡಸಿನ ದನಿ. ಅಳಿಯನದಲ್ಲ. ವಯಸ್ಸಾದ, ಗಟ್ಟಿಯಾದ, ಅಪ್ಪಣೆ ಕೊಟ್ಟೇ ಅಭ್ಯಾಸವಾದ ದನಿ.

"ಮಗಳು ಮಲಗಿದಾಳೆ," ಎಂದಿತು ಅದು. "ಇನ್ನು ಎಬ್ಬಿಸೋಕಾಗಲ್ಲ."